ಧೂಳಿಲ್ಲದ ಫೈಲು

ಪತ್ತೆಯಾಗದ ಹಳೆಯ ಕೊಲೆಗಳಲ್ಲಿ ಒಂದನ್ನಾದರೂ ಈ ವರ್ಷ ಮತ್ತೆ ತನಿಖೆ ಮಾಡಿ ಎಂದು ಮೇಲಿನಿಂದ ಆದೇಶ ಬಂದಿತ್ತು. ಇನ್ಸ್‌ಪೆಕ್ಟರ್ ಸಾಹೇಬರಿಗೆ ಧೂಳು ಕಂಡರಾಗದು. ರೆಕಾರ್ಡ್ ರೂಮಿನ ಬಾಗಿಲು ತೆರೆದದ್ದೇ ತಡ, ಏಳು ಸಲ ಸೀನಿದರು. ನಲವತ್ತು ಫೈಲುಗಳಲ್ಲಿ ಒಂದು ಮಾತ್ರ ಲಕಲಕ ಹೊಳೆಯುತ್ತಿತ್ತು.

"ಇದನ್ನೇ ತಗೊಳ್ಳೋಣ."

"ಯಾಕೆ ಸಾರ್, ಹೊಸ ಸಾಕ್ಷಿ ಏನಾದ್ರೂ ಸಿಕ್ತಾ?" ಎಂದ ಹೆಡ್ ಕಾನ್‌ಸ್ಟೇಬಲ್.

"ತಲೆ ಓಡಿಸಯ್ಯ! ಧೂಳಿಲ್ಲ ಅಂದ್ರೆ ಹಿಂದಿನ ಸಾಹೇಬ್ರುಗಳು ದಿನಾ ಬಿಚ್ಚಿ ನೋಡಿದಾರೆ. ಅರ್ಧ ತನಿಖೆ ಮುಗಿದೇ ಹೋಗಿದೆ."

ನೆಲ ಒರೆಸುತ್ತಿದ್ದ ಠಾಣೆಯ ಕೆಲಸದ ಹೆಂಗಸು ಬಟ್ಟೆ ಹಿಂಡಿ ಎದ್ದು ನಿಂತಳು.

"ಯಾರೂ ಬಿಚ್ಚಿಲ್ಲ ಸಾಮಿ. ಒಂಬತ್ತು ವರ್ಷದಿಂದ ನಾನೇ ದಿನಾ ಒರೆಸ್ತಿದೀನಿ. ಅದ್ರಲ್ಲಿ ಸತ್ತಿರೋನು ನನ್ನ ಮಗ."