ಕೊಟ್ರಬಸಪ್ಪನವರ ಕೊರಳಪಟ್ಟಿ

ಜನರ ಗಂಟಲು ಕಟ್ಟಿ ಎರಡು ತಲೆಮಾರು ಕಳೆದಿತ್ತು. ಈಗ ಎಲ್ಲರೂ ಕೊರಳಿಗೆ ಅಂಟಿಸಿಕೊಂಡ ಪ್ಲಾಸ್ಟಿಕ್ ಪಟ್ಟಿಯಿಂದಲೇ ಮಾತನಾಡುತ್ತಿದ್ದರು. ಹರಿಹರದ ಕೊಟ್ರಬಸಪ್ಪನವರ ಪಟ್ಟಿ ಹಳೆಯದು. ಮನಸ್ಸಿನ ಮಾತು ಹೊರಬರಲು ಅರ್ಧ ನಿಮಿಷ ಹಿಡಿಯುತ್ತಿತ್ತು. ಆ ಮೌನಕ್ಕೆ ಅಂಜಿಯೇ ಜಗಳಗಂಟರು ರಾಜಿಯಾಗುತ್ತಿದ್ದರು. ಹಾಗಾಗಿ ಓಣಿಯ ನ್ಯಾಯವೆಲ್ಲ ಅವರದೇ.

ಒಂದು ಸಂಜೆ ಓಣಿಯ ಅಣ್ಣತಮ್ಮಂದಿರಿಬ್ಬರ ಬಾವಿ ಜಗಳ ತೀರಿಸಬೇಕಿತ್ತು. ಮಾತು ಬೇಗ ಬರಲೆಂದು ಹೆಂಡತಿ ಕೊಟ್ರಬಸಪ್ಪನವರನ್ನು ಪಟ್ಟಿಯ ಅಂಗಡಿಗೆ ಕರೆತಂದಳು.

"ಈ ಪ್ಲಾಸ್ಟಿಕ್ಕಿನ ಅಣುಗಳಿಗೆ ಪಕ್ಕದಾಗ ಜೋತಿರೋ ಸರಪಳಿ ಉದ್ದ ಅದಾವ್ರಿ ಅಜ್ಜಾರ," ಎಂದಳು ಅಂಗಡಿಯ ಹಾಲಮ್ಮ. "ಅದಕ್ಕೇ ಪಟ್ಟಿ ಮೆತ್ತಗ, ಕರೆಂಟು ಆಮೆ. ಗಿಡ್ಡ ಸರಪಳಿದು ಹಾಕ್ತೀನಿ. ಸ್ವಲ್ಪ ಚುಚ್ಚತೈತಿ, ಮಾತು ಮಾತ್ರ ಮಿಂಚು."

ಹೊಸ ಪಟ್ಟಿ ಅಂಟಿತು.

"ಈಗ ಹೇಳ್ರಿ ನೋಡೋಣ," ಹೆಂಡತಿ ಕೇಳಿದಳು, "ಬಾವಿ ಅಣ್ಣಂದೋ, ತಮ್ಮಂದೋ?"

"ನಂಗೇನ್ ಗೊತ್ತು!" ಉತ್ತರ ಥಟ್ಟನೆ ಹೊರಬಿತ್ತು.

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೊಟ್ರಬಸಪ್ಪನವರು ಹೊಸದನ್ನು ಕಿತ್ತು, ಹಳೆಯ ಪಟ್ಟಿಯನ್ನೇ ಅಂಟಿಸಿಕೊಂಡು ಕಣ್ಣು ಮುಚ್ಚಿದರು. ಜನ ಕೈಕಟ್ಟಿ ಕಾದರು. ಒಬ್ಬ ಗುಡಿಯ ಮುಂದೆ ನಿಂತಂತೆ ಚಪ್ಪಲಿಯನ್ನೂ ಬಿಟ್ಟ.

ಅರ್ಧ ನಿಮಿಷದ ನಂತರ ಮಾತು ಬಂತು: "ಇದಕ್ಕಿಂತ ಉದ್ದದ ಸರಪಳಿದು ಇಲ್ಲೇನವ್ವಾ?"