ಇನ್ನೊಂದೇ ಸ್ಕ್ರೂ ಬಾಕಿ

ಒದ್ದೆ ಹೊದಿಕೆಯ ಒಂದು ತುದಿ ಯಜಮಾನರ ಕೈಯಲ್ಲಿ, ಇನ್ನೊಂದು ತುದಿ ಹೆಂಡತಿಯ ಕೈಯಲ್ಲಿ. ಇಬ್ಬರೂ ಅಂಗಳದಲ್ಲಿ ನಿಂತು ಹಿಂಡುತ್ತಿದ್ದರು. ಯಜಮಾನರು ಹರೆಯದಿಂದಲೂ ಕಟ್ಟುತ್ತಲೇ ಇರುವ ಬಟ್ಟೆ ಹಿಂಡುವ ಯಂತ್ರ ಅಲ್ಲೇ ಗೋಡೆಗೊರಗಿ ಸುಮ್ಮನೆ ನೋಡುತ್ತಿತ್ತು.

"ಬೆಳಗಿನಿಂದ ಸ್ಕ್ರೂಡ್ರೈವರೇ ಸಿಗ್ತಿಲ್ಲ ಕಣೇ. ಸಿಕ್ಕಿದ್ರೆ ಇದನ್ನ ಮಿಷನ್ನೇ ಹಿಂಡಿಬಿಡ್ತಿತ್ತು. ಇನ್ನೊಂದೇ ಸ್ಕ್ರೂ ಬಾಕಿ."

"ಗೊತ್ತು ರೀ. ನಾನು ಈ ಮನೆಗೆ ಬಂದ ದಿನಾನೂ ಅದೊಂದೇ ಬಾಕಿ ಇತ್ತು. ಆ ಕಾಗದ ಹಾಕಿಬಿಡಿ ಅಂದ್ರೆ ಕೇಳಲ್ಲ. ಬೇರೆ ಯಾರಾದ್ರೂ ಇಂಥದ್ದೇ ಮಾಡಿ ಮೊದಲು ಕಳಿಸಿದ್ರೆ? ನಿಮ್ಮ ಬೆವರೆಲ್ಲ ಈ ನೀರಿನ ಜೊತೆ ಚರಂಡಿಗೆ."

ಕಾಗದವೆಂದರೆ ಪೇಟೆಂಟ್ ಕಚೇರಿಗೆ ಬರೆದಿಟ್ಟ ಅರ್ಜಿ. ಅಂಚೆಯ ದರ ಏರಿದಾಗಲೆಲ್ಲ ಆಕೆ ಲಕೋಟೆಗೆ ಮತ್ತೊಂದು ಸ್ಟಾಂಪು ಅಂಟಿಸುತ್ತ ಬಂದಿದ್ದಳು; ಈಗ ವಿಳಾಸವೇ ಮೂಲೆಗೆ ಸರಿದು ಕೂತಂತೆ ಕಾಣುತ್ತಿತ್ತು.

ಅಷ್ಟರಲ್ಲಿ ಗೇಟಿನಾಚೆ ದರ್ಜಿ ಹಾದುಹೋಗುತ್ತಿದ್ದ. ಬೀದಿಗೆ ಹೊಸಬ.

"ನಮ್ಮವರ ಕೋಟು ಆಯ್ತೇನಪ್ಪಾ?" ಆಕೆ ಕೂಗಿ ಕೇಳಿದಳು.

"ಇನ್ನೊಂದೇ ಸ್ಕ್ರೂ ಬಾಕಿ ಅಮ್ಮಾ!"

ಯಜಮಾನರು ಹುಬ್ಬು ಗಂಟಿಕ್ಕಿದರು. "ಕೋಟಿಗೆ ಎಲ್ಲಿಂದ ಬಂತಯ್ಯಾ ಸ್ಕ್ರೂ?"

"ಅದು ಈ ಕಡೆಯ ಮಾತು ಸಾರ್, ಇಲ್ಲಿಗೆ ಬಂದ್ಮೇಲೆ ಕಲಿತೆ. ಇನ್ನೂ ಕೈಯೇ ಹಾಕಿಲ್ಲ ಅಂತ ಗಿರಾಕಿಗೆ ಹೇಳೋಕಾಗುತ್ತಾ? ಹೀಗಂದ್ರೆ ಅವ್ರಿಗೂ ಅರ್ಥವಾಗುತ್ತೆ, ನಮಗೂ ಬೈಗುಳ ತಪ್ಪುತ್ತೆ. ಗಾರೆ ಮೇಸ್ತ್ರಿ ಹೇಳ್ತಾನೆ, ಬಡಗಿ ಹೇಳ್ತಾನೆ, ಮೊನ್ನೆ ಹಲ್ಲಿನ ಡಾಕ್ಟ್ರೂ ಹೇಳಿದ್ರು. ಹಿಂದೆ ಇಲ್ಲಿ ಯಾರೋ ಪುಣ್ಯಾತ್ಮ ಇದ್ನಂತೆ. ಅದೇನೋ ಮಿಷನ್ ಕಟ್ತಾ ಕಟ್ತಾ, ಇದೇ ಮಾತು ಹೇಳ್ತಾ ಹೇಳ್ತಾ ತೀರಿಕೊಂಡ್ನಂತೆ."

"ತೀರಿಕೊಂಡ್ನಾ?"

"ಯಾವ ಕಾಲವಾಯ್ತೋ ಸಾರ್. ಪಾಪ, ಒಳ್ಳೆಯವನಂತೆ."

ದರ್ಜಿ ಹೊರಟುಹೋದ. ಆಕೆ ತನ್ನ ತುದಿಯ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡಳು; ಭುಜ ಮಾತ್ರ ಕುಲುಕುತ್ತಿತ್ತು. ಯಜಮಾನರ ತುದಿ ಜಾರಿ ಮಣ್ಣಿಗೆ ಬಿತ್ತು. ಅವರು ತಮ್ಮ ಅಂಗೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು, ಇನ್ನೂ ಇವೆಯೋ ಇಲ್ಲವೋ ಎನ್ನುವಂತೆ. ಆಮೇಲೆ ಸರಸರನೆ ಒಳಗೆ ಹೋಗಿ ಲಕೋಟೆ ಹಿಡಿದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದರು. ಆಕೆ ಒದ್ದೆ ಕೈಯಲ್ಲೇ ಹಿಂದೆ ನಡೆದಳು.

ಬೀದಿಯ ತಿರುವಿನಲ್ಲಿ ಅಂಚೆ ಡಬ್ಬ. ಅದರ ಮುಚ್ಚಳ ಒಂದು ಕಡೆ ಜೋತುಬಿದ್ದಿತ್ತು. ಯಜಮಾನರ ಕೈ ಅಲ್ಲೇ ನಿಂತಿತು.

"ಲೇ, ಇದು ಸಡಿಲವಾಗಿದೆ ಕಣೇ. ಮಳೆ ನೀರು ಒಳಗಿಳಿದ್ರೆ ಕಾಗದದ ಗತಿ? ಮೊದಲು ಇದನ್ನೊಂದು ಬಿಗಿ ಮಾಡಿ..." ಎನ್ನುತ್ತ ಜೇಬುಗಳನ್ನೆಲ್ಲ ತಡಕಾಡತೊಡಗಿದರು.

"ಮೊದಲು ಬದುಕಿದೀರಿ ಅಂತ ತೋರಿಸಿ," ಎಂದಳು ಆಕೆ.

ಯಜಮಾನರು ಅವಳ ಮುಖ ನೋಡಿದರು. ಲಕೋಟೆ ನೋಡಿದರು. ಕಣ್ಣು ಮುಚ್ಚಿ ಅದನ್ನು ಡಬ್ಬದೊಳಗೆ ಬಿಟ್ಟರು.

ಅದು ತಳಕ್ಕೆ ಬಿದ್ದ ಸದ್ದು ಚೆನ್ನಾಗಿ ಕೇಳಿಸಿದ ಮೇಲೆ, ಆಕೆ ತನ್ನ ತುರುಬಿನೊಳಗಿಂದ ಸ್ಕ್ರೂಡ್ರೈವರ್ ಎಳೆದು ಅವರ ಕೈಗಿಟ್ಟಳು.