ಎದೆಯ ಮೇಲಿನ ಗೂಬೆ

"ಅಯ್ಯೋ ಶಿವನೇ! ಈ ಹುಡುಗನ ಎದಿ ಮ್ಯಾಲೆ ಗೂಬೆ ಕುಂತೈತಲ್ಲೋ ಬೆನಕಪ್ಪ!"

ನ್ಯಾಮತಿಯ ಬೆನಕಪ್ಪನವರ ಮನೆಗೆ ಹೆಣ್ಣು ನೋಡಲು ಬಂದವರು ಚಾಪೆಯ ಮೇಲೆ ಕೂತು ಇನ್ನೂ ಒಂದು ಗುಟುಕು ನೀರು ಕುಡಿದಿರಲಿಲ್ಲ, ಅಷ್ಟರಲ್ಲಿ ಬೆನಕಪ್ಪನವರ ತಾಯಿ ಶಿವಗಂಗಮ್ಮ ಹೀಗೆ ಕಿರುಚಿಬಿಟ್ಟರು. ಗಂಡು ಜಗಳೂರಿನ ಕಲ್ಲೇಶಪ್ಪ, ಏರ್‌ಫೋರ್ಸಿನಲ್ಲಿ ವಿಮಾನದ ಇಂಜಿನ್ ರಿಪೇರಿ ಮಾಡುವವನು. ಯೂನಿಫಾರಂ ಹಾಕಿಕೊಂಡೇ ಬರಬೇಕೆಂದು ಹಟ ಹಿಡಿದವರು ಅವನ ಸೋದರಮಾವ ಷಣ್ಮುಖಪ್ಪ. "ಪಂಚೆ ಉಟ್ಟ ಗಂಡುಗಳು ಬೇಕಾದಷ್ಟು ಸಿಗ್ತಾವೆ, ಡ್ರೆಸ್ಸಿನಾಗೆ ಹೋದ್ರೆ ಹೆಣ್ಣಿನ ಕಡೇರು ದಂಗಾಗಬೇಕು" ಎಂದಿದ್ದರು. ದಂಗಾದದ್ದೇನೋ ನಿಜ. ಅಂಗಿಯ ಜೇಬಿನ ಮೇಲೆ ಕಂದು ದಾರದಲ್ಲಿ ಹೊಲಿದ ಗೂಬೆಯೊಂದು ಕಣ್ಣರಳಿಸಿ ಇಡೀ ಮನೆಯನ್ನು ನೋಡುತ್ತಿತ್ತು.

"ಗೂಬೆ ಎಲ್ಲಿ ಬಂತಮ್ಮಾ, ಅದು ಗಿಳಿ" ಎಂದರು ಷಣ್ಮುಖಪ್ಪ.

"ಕಂದು ಗಿಳಿ ಯಾವ ಊರಾಗೈತ್ರೀ?"

"ಹಂಗಾದ್ರೆ ಗರುಡ ಅನ್ಕಳ್ರಿ."

"ಗರುಡನ ಮುಖ ಹಿಂಗೆ ರೊಟ್ಟಿ ತಟ್ಟಿದಂಗೆ ಇರ್ತತೇನ್ರೀ?"

ಷಣ್ಮುಖಪ್ಪ ಅಳಿಯನ ತೊಡೆ ಚಿವುಟಿದರು. ಗರುಡ ಅಂತ ಅವನೂ ಒಂದು ಮಾತು ಅಂದುಬಿಟ್ಟಿದ್ದರೆ ಸಂಬಂಧ ಕುದುರುತ್ತಿತ್ತು. ಬೆನಕಪ್ಪನವರ ಮಗಳು ಅವನಿಗೆ ಬೇಕೇ ಬೇಕಾಗಿದ್ದಳು. ಹೊನ್ನಾಳಿಯ ಮದುವೆಯೊಂದರಲ್ಲಿ ಸರ್ವಮಂಗಳ ಪಂಕ್ತಿಗೆ ಬಡಿಸುವುದನ್ನು ನೋಡಿದ ಮೇಲೆ ಬೇರೆ ಹೆಣ್ಣು ನೋಡಲು ಅವನು ಒಪ್ಪಿರಲೇ ಇಲ್ಲ. ಆದರೂ ಆ ಪುಣ್ಯಾತ್ಮ ಬಾಯಿಬಿಟ್ಟ.

"ಗೂಬೇನೇ ಅಜ್ಜಿ. ಅದು ನಮ್ಮ ಸ್ಕ್ವಾಡ್ರನ್ನಿನ ಗುರುತು. ನಮ್ಮ ವಿಮಾನಗಳು ಕತ್ತಲಾಗೇ ಹಾರಬೇಕು, ದೀಪ ಹಾಕಂಗಿಲ್ಲ. ಎಪ್ಪತ್ತೊಂದರ ಯುದ್ಧದಾಗೆ ಮೊದಲ್ನೇ ರಾತ್ರಿ ಹೋದೋರಾಗೆ ಒಬ್ಬರು ವಾಪಸ್ ಬರಲಿಲ್ಲ. ಮಾರನೇ ದಿನ ಯಾರೋ ವಿಮಾನದ ಶೆಡ್ಡಿನ ಬಾಗಿಲಿಗೆ ಸೀಮೆಸುಣ್ಣದಾಗೆ ಒಂದು ಗೂಬೆ ಬರೆದ್ರು. ಕತ್ತಲಾಗೆ ದಾರಿ ಕಾಣೋ ಪಕ್ಷಿ ಅಂತ. ಅವತ್ತಿಂದ ಹೋದೋರೆಲ್ಲ ತಿರುಗಿ ಬಂದ್ರು. ಯುದ್ಧ ಮುಗಿದ ಮ್ಯಾಲೆ ಅದನ್ನೇ ಎಲ್ಲರ ಎದಿಗೂ ಹೊಲಿಸಿದ್ರು. ಈಗ ನಾನು ಇದನ್ನ ಗಿಳಿ ಅಂದ್ರೆ ಅವರಿಗೆ ಹೆಂಗೆ ಮುಖ ತೋರಿಸಲಿ?"

ವಾಪಸ್ ಬಾರದವನ ಮಾತು ಬಂದಾಗ ಶಿವಗಂಗಮ್ಮನ ಮುಖ ಸಣ್ಣದಾಯಿತು. "ಪಾಪ, ಯಾರು ಹೆತ್ತ ಮಗನೋ" ಎಂದು ಲೊಚಗುಟ್ಟಿದರು. ಆದರೆ ಶಾಸ್ತ್ರ ಬಿಡಬೇಕಲ್ಲ. "ಗೂಬೆ ಹೊಕ್ಕ ಮನೇನ ಮೂರು ತಿಂಗಳು ಬಿಡಬೇಕು. ನಮ್ಮತ್ತೆ ಕಾಲದಾಗೆ ಒಂದು ಹೊಕ್ಕಿದ್ದಕ್ಕೆ ಬೀಗ ಹಾಕ್ಕಂಡು ಹೊನ್ನಾಳಿಗೆ ಹೋಗಿ ಕುಂತಿದ್ವಿ."

ಬೆನಕಪ್ಪ ಬೆವರಿದರು. ಅವರದು ಮುಂದೆ ಬಟ್ಟೆ ಅಂಗಡಿ, ಹಿಂದೆ ಮನೆ. "ಅವ್ವಾ, ಅದು ಜೀವ ಇರೋ ಗೂಬೆ. ಇದು ದಾರದ್ದು."

"ಹೊಸಲು ದಾಟೈತೋ ಇಲ್ಲೋ?"

"ದೀಪಾವಳಿ ವ್ಯಾಪಾರ ಎದುರಿಗೈತೆ, ಅಂಗಡಿ ಮುಚ್ಚಾಕೆ ಆಗ್ತತೇನವ್ವ?"

ಕೊನೆಗೆ ಗೂಬೆಯನ್ನು ಹೊರಗೆ ಹಾಕುವುದೆಂದಾಯಿತು. ಕಲ್ಲೇಶಪ್ಪ ಅಂಗಿ ಬಿಚ್ಚಿ, ಮಡಿಚಿ, ಜಗಲಿಯ ಮೇಲಿಟ್ಟು ಬಂದು ಕೂತ. ಕತ್ತಿಯಂಥ ಇಸ್ತ್ರಿಯ ಪ್ಯಾಂಟು, ಹೊಳೆಯುವ ಬೆಲ್ಟು, ಅದರ ಮೇಲೆ ತೂತು ಬಿದ್ದ ಬನಿಯನ್ನು. ಭಾರತದ ಆಕಾಶ ಕಾಯುವ ಪಡೆಯ ಮರ್ಯಾದೆ ಅವತ್ತು ನ್ಯಾಮತಿಯಲ್ಲಿ ಆ ಮಟ್ಟಕ್ಕೆ ಬಂದಿತ್ತು. ಅವನ ಕಣ್ಣು ಮಾತ್ರ ಬಾಗಿಲಾಚೆಯ ಅಂಗಿಯ ಕಡೆಗೇ ಇತ್ತು.

ಶಿವಗಂಗಮ್ಮ ಅವನನ್ನೇ ನೋಡುತ್ತಾ ಕೇಳಿದರು, "ಮದುವೆ ಆದ್ರೆ ನಮ್ಮ ಹುಡುಗೀನ ಎಲ್ಲಿಗೆ ಕರ್ಕಂಡು ಹೋಗ್ತೀಯಪ್ಪ?"

"ಪಂಜಾಬಿಗೆ ಅಜ್ಜಿ. ರೈಲಿನಾಗೆ ದಿನಗಟ್ಟಲೆ ಹೋಗಬೇಕು."

ಅಜ್ಜಿ ಮೊಮ್ಮಗಳಿದ್ದ ಅಡಿಗೆಮನೆಯ ಕಡೆಗೊಮ್ಮೆ ನೋಡಿದರು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಈ ಗೂಬೆ ಸಂಬಂಧ ಬ್ಯಾಡ ಬಿಡು ಬೆನಕಪ್ಪ" ಎಂದರು.

ಷಣ್ಮುಖಪ್ಪ ಟವೆಲ್ ಕೊಡವಿ ಎದ್ದರು. ಒಳಗಿನಿಂದ ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಸರ್ವಮಂಗಳ ಬಂದದ್ದು ಆಗಲೇ. ಅಡಿಗೆಮನೆಯ ಗೋಡೆ ತೆಳು, ಅವಳಿಗೆ ಎಲ್ಲವೂ ಕೇಳಿಸಿತ್ತು. ತಟ್ಟೆ ಕೆಳಗಿಟ್ಟವಳೇ ನೆಟ್ಟಗೆ ಜಗಲಿಗೆ ಹೋದಳು, ಅಂಗಿಗೆ ಮುತ್ತಿದ್ದ ಇರುವೆ ಕೊಡವಿ ಒಳಗೆ ತಂದು ಕಲ್ಲೇಶಪ್ಪನ ಕೈಗೆ ಕೊಟ್ಟಳು.

"ಹಾಕ್ಕಳ್ರಿ. ಬನಿಯನ್ನಾಗೆ ಹೆಣ್ಣು ನೋಡೋದು ಚೆಂದ ಕಾಣಂಗಿಲ್ಲ."

"ಎರಡ್ನೇ ಸಲ ಗೂಬೇನ ಒಳಗೆ ತಂದೆಯಲ್ಲೇ ನಮ್ಮವ್ವ!" ಅಜ್ಜಿ ಹಣೆ ಚಚ್ಚಿಕೊಂಡರು.

"ಮನೆ ಬಿಡಬೇಕು ಅಂತ ಐತೆ, ಸರಿ. ಎಲ್ಲರೂ ಬಿಡಬೇಕು ಅಂತ ಎಲ್ಲೈತೆ ಅಜ್ಜಿ? ಅಪ್ಪ ಅಂಗಡಿ ನೋಡ್ಕಳ್ಳಲಿ, ನೀನು ನಿನ್ನ ಮಂಚ ಬಿಟ್ಟು ಎಲ್ಲಿಗೂ ಹೋಗಬ್ಯಾಡ. ಎಲ್ಲರ ಪರವಾಗಿ ನಾನೊಬ್ಬಳೇ ಬಿಡ್ತೀನಿ."

ಇಂಥ ಶಾಸ್ತ್ರವನ್ನು ಬೆನಕಪ್ಪ ಹುಟ್ಟಿದಾಗಿನಿಂದ ಕೇಳಿರಲಿಲ್ಲ, ಆದರೆ ಕೇಳಿದ ಕ್ಷಣವೇ ನಂಬಿದರು. ಷಣ್ಮುಖಪ್ಪ ಮತ್ತೆ ಕೂತು ಮಂಡಕ್ಕಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಕಲ್ಲೇಶಪ್ಪ ಗುಂಡಿಗಳನ್ನೆಲ್ಲ ಒಂದು ತೂತು ತಪ್ಪಿಸಿ ಹಾಕಿಕೊಂಡ.

ಶಿವಗಂಗಮ್ಮ ಯಾರ ಕಡೆಗೂ ನೋಡಲಿಲ್ಲ. ಮೊಮ್ಮಗಳ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡು ಹೇಳಿದರು, "ಮೂರು ತಿಂಗಳು ಅಂದ್ರೆ ಮೂರೇ ತಿಂಗಳು ಕಣೇ. ಆಮ್ಯಾಲೆ ಮನೆಗೆ ವಾಪಸ್ ಬರಬೇಕು ಅಂತಾನೂ ಶಾಸ್ತ್ರದಾಗೆ ಐತೆ."